ಸೌಂಡ್ ಸ್ವಲ್ಪ ಕಮ್ಮಿ ಮಾಡಿ, ಮಾತು ಕೇಳಿಸಲಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮತ್ತೆ ‘ಗಣೇಶನ ಮದುವೆ’ ನೋಡಿದೆವು. ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಅಮ್ಮ ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ಹಿದುಕುತ್ತಾ ಕೂತಿದ್ದರು. ಒಂದೇ ವಠಾರದಲ್ಲಿದ್ದು ಬೆಳಗಾದರೆ ಜಗಳ ಆಡೋ ಅನಂತನಾಗ್, ವಿನಯಾ ಪ್ರಸಾದ್ ಇಬ್ಬರೂ ಯಾರು ಅಂತ ಗೊತ್ತಿಲ್ಲದೇ ಒಬ್ಬರಿಗೊಬ್ಬರು ಕಾಗದ ಬರೆದುಕೊಳ್ಳುತ್ತಾರಲ್ಲ, ಆ ಭಾಗ ಬಂದಾಗ ಅಮ್ಮನ ಕೈ ನಿಂತೇ ಹೋಯಿತು. ಬೆರಳಿಗೆ ಸಿಪ್ಪೆ ಹಾಗೇ ಅಂಟಿಕೊಂಡಿತ್ತು. 1990ರ ಸಿನಿಮಾ. ಮುಂದೇನು ಅಂತ ಬಾಯಿಪಾಠ ಇದ್ದರೂ ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕೆವು.

ಅದೇ ರಾತ್ರಿ ಒಂದು ವಾಹಿನಿಯಲ್ಲಿ ಕಾಮಿಡಿ ಶೋ ಹಾಕಿದೆವು. ಸ್ಟೇಜ್ ಮೇಲಿದ್ದ ಹುಡುಗ ಒಳ್ಳೆ ಕಲಾವಿದ, ನಮ್ಮ ಹಳ್ಳಿ ಕಡೆ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಿದ್ದ ಅಂದರೆ ಅವನನ್ನೇ ನೋಡುತ್ತಾ ಕೂರಬಹುದಿತ್ತು, ಆದರೆ ಅವನ ಮಾತು ಮುಗಿಯೋಕೆ ಮುಂಚೆಯೇ ‘ಟೊಂಯ್’ ಅಂತ ಒಂದು ಸೌಂಡ್, ಆಮೇಲೆ ಅದೇ ಮುಖ ಮೂರು ಸಲ, ಆಮೇಲೆ ತೀರ್ಪುಗಾರರು ನಗೋದು. ಅಮ್ಮ ‘ಏನಂದ ಅವನು?’ ಅಂತ ಕೇಳ್ತಾನೇ ಇದ್ದರು. ನನಗೂ ಕೇಳಿಸಿರಲಿಲ್ಲ. ಮಾತು ಮುಗಿದ ಮೇಲೆ ಒಂದು ಚೂರು ಹೊತ್ತು ಸುಮ್ನೆ ಬಿಡಬೇಕು, ನಗು ಬರೋದು ಅಲ್ಲೇ ಅಲ್ವಾ? ಆ ಜಾಗವನ್ನೇ ಸೌಂಡ್ ತುಂಬಿ ಮುಚ್ಚಿದರೆ ಪಾಪ ಆ ಹುಡುಗ ಏನು ಮಾಡ್ತಾನೆ?

‘ಉಂಡೂ ಹೋದ ಕೊಂಡೂ ಹೋದ’ ನೋಡಿ. ಅನಂತನಾಗ್ ಮೆತ್ತಗೆ ಮಾತಾಡಿಕೊಂಡೇ ಇಡೀ ಊರಿಗೆ ಟೋಪಿ ಹಾಕುತ್ತಾರೆ. ಇದು ಸಿನಿಮಾದಲ್ಲಿ ಮಾತ್ರ ಆಗೋದು, ಟಿವಿಯಲ್ಲಿ ಆಗಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಈಟಿವಿ ಕನ್ನಡದಲ್ಲಿ ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ಬರ್ತಿದ್ದ ಕಾಲದಲ್ಲಿ ನಮ್ಮ ಬೀದಿಯಲ್ಲಿ ಊಟದ ಹೊತ್ತನ್ನೇ ಅದಕ್ಕೆ ಹೊಂದಿಸಿಕೊಂಡಿದ್ದರು. ಮಂಜುಭಾಷಿಣಿಯವರ ಸಮಾಜ ಸೇವಕಿ ಲಲಿತಾಂಬ ಬಾಗಿಲಲ್ಲಿ ನಿಂತರೆ ಸಾಕು, ಇನ್ನೂ ಬಾಯಿ ಬಿಟ್ಟಿರಲ್ಲ, ನಮಗೆ ನಗು ಶುರು. ಚಿದಾನಂದ್ ಅವರ ಪಾಂಡು, ಶಾಲಿನಿ ಅವರ ಶ್ರೀಮತಿ ನಮ್ಮ ಪಕ್ಕದ ಮನೆಯವರೇ ಆಗಿಹೋಗಿದ್ದರು. ಪಾತ್ರ ಗಟ್ಟಿಯಾಗಿ ಬರೆದಿದ್ದರು, ಅಷ್ಟೇ.

ಇನ್ನೊಂದು ಮಾತು. ದಪ್ಪ ಇರೋರನ್ನ, ಕಪ್ಪಗಿರೋರನ್ನ ಆಡಿಕೊಳ್ಳೋ ಜೋಕು ಜಾಸ್ತಿ ಆಗಿದೆ. ನನ್ನ ತಂಗಿಯ ಮಗಳಿಗೆ ಒಂಬತ್ತು ವರ್ಷ, ಸ್ವಲ್ಪ ಗುಂಡಗಿದ್ದಾಳೆ. ಅಂಥ ಜೋಕು ಬಂದಾಗ ಅವಳು ನಮ್ಮೆಲ್ಲರ ಮುಖ ನೋಡುತ್ತಾಳೆ. ನನಗೆ ಅದನ್ನ ಸಹಿಸೋಕಾಗಲ್ಲ.

ವಾಹಿನಿಯವರಲ್ಲಿ ನನ್ನದೊಂದು ಕೋರಿಕೆ. ಆ ಹಳೇ ಧಾರಾವಾಹಿಗಳನ್ನ ಮೊದಲ ಕಂತಿನಿಂದ ಸರಿಯಾಗಿ, ರಾತ್ರಿ ಊಟದ ಹೊತ್ತಿಗೆ ಹಾಕಿ. ಹೊಸ ಶೋಗಳಲ್ಲಿ ಸ್ಕಿಟ್ ಶುರುವಾಗೋ ಮುಂಚೆ ಬರೆದವರ ಹೆಸರನ್ನ ಓದೋಕೆ ಆಗೋಷ್ಟು ಹೊತ್ತು ತೋರಿಸಿ. ಅಮ್ಮ ಚೆನ್ನಾಗಿ ನಕ್ಕ ಮೇಲೆ ‘ಇದನ್ನ ಬರೆದೋರು ಯಾರೋ?’ ಅಂತ ಕೇಳ್ತಾರೆ, ನಾನು ಹೆಸರು ಹೇಳಬೇಕು.

– ಒಬ್ಬ ಓದುಗ, ಹನುಮಂತನಗರ, ಬೆಂಗಳೂರು