ಪೋಸ್ಟರಿಗೆ ಕೈ ಹಾಕುವ ಮೊದಲು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಡಿಸೈನ್ ಓದುತ್ತಿರುವ ನೀವು ನಾಲ್ವರು ಸೇರಿ, ಅಮೆರಿಕದಲ್ಲಿ ಜನಾಂಗೀಯ ಸಮಾನತೆಗಾಗಿ ದುಡಿಯುವ ಒಂದು ಸಣ್ಣ ಸಂಸ್ಥೆಗೆ ಈ ಸೆಮಿಸ್ಟರ್ ಪೂರ್ತಿ ಪುಕ್ಕಟೆ ಕೆಲಸ ಮಾಡಿಕೊಡಲು ಒಪ್ಪಿದ್ದೀರಂತೆ. ಬಾಡಿಗೆ ಮನೆ ವಿಷಯದಲ್ಲಿ ಬಣ್ಣ ನೋಡಿ ಬಾಗಿಲು ಹಾಕುವವರ ವಿರುದ್ಧ ಅವರ ಕೆಲಸ ಎಂದಿದ್ದೀಯ. ಒಳ್ಳೆಯದು. ಜೊತೆಗೆ ಕಳಿಸಿದ ಮೂರು ಪೋಸ್ಟರಿನ ಕರಡೂ ನೋಡಲು ಚೆನ್ನಾಗಿವೆ. ಆದರೆ ಸಂಸ್ಥೆಯವರ ಜೊತೆ ಒಂದು ಸಲವೂ ಕೂತು ಮಾತಾಡುವ ಮೊದಲೇ ಮೂರು ಪೋಸ್ಟರ್ ಹುಟ್ಟಿಬಿಟ್ಟಿವೆಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸದ್ಯಕ್ಕೆ ಆ ಮೂರನ್ನೂ ಪಕ್ಕಕ್ಕಿಡು. ಮೊದಲ ಭೇಟಿಗೆ ಲ್ಯಾಪ್‌ಟಾಪ್ ಬೇಡ, ನೋಟ್‌ಪುಸ್ತಕ ಸಾಕು. ಕೇಳಬೇಕಾದ್ದು ನಾಲ್ಕೇ ಮಾತು: ಇದನ್ನು ಯಾರು ಓದಬೇಕು, ಓದಿದವರು ಮರುದಿನ ಏನು ಮಾಡಬೇಕು, ಎಲ್ಲಿ ನಿಂತು ಓದುತ್ತಾರೆ, ಅಚ್ಚಿಗೆ ಹೋಗಲಿ ಎಂದು ಕೊನೆಗೆ ಹೇಳುವವರು ಯಾರು. ಎರಡನೆಯದಕ್ಕೆ ‘ಅರಿವು ಮೂಡಬೇಕು’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಬಿಡಬೇಡ. ಅರಿವು ಮೂಡಿ ಏನಾಗಬೇಕು ಎಂದು ಮತ್ತೆ ಕೇಳು. ಆಗ ನಿಜವಾದ ಕೆಲಸ ಹೊರಬೀಳುತ್ತದೆ. ಅಮೆರಿಕದ 1968ರ ನ್ಯಾಯಯುತ ವಸತಿ ಕಾಯ್ದೆಯ ಪ್ರಕಾರ, ಜನಾಂಗದ ಕಾರಣಕ್ಕೆ ಮನೆ ನಿರಾಕರಿಸಿದರೆ ಕೇಂದ್ರದ ವಸತಿ ಇಲಾಖೆಗೆ ಒಂದು ವರ್ಷದೊಳಗೆ ದೂರು ಕೊಡಬೇಕು. ನೇರವಾಗಿ ನ್ಯಾಯಾಲಯಕ್ಕೆ ಹೋಗುವವರಿಗೆ ಎರಡು ವರ್ಷದ ಅವಧಿ. ಇದು ಗೊತ್ತಿಲ್ಲದೆ ದಿನ ಮೀರಿಸಿಕೊಂಡವರಿಗೆ ‘ನಾವೆಲ್ಲ ಒಂದೇ’ ಎಂಬ ಪೋಸ್ಟರಿನಿಂದ ಏನೂ ಆಗಬೇಕಾದ್ದಿಲ್ಲ. ಮನೆ ಇಲ್ಲ ಎಂದ ದಿನಾಂಕ, ಹೇಳಿದವರ ಹೆಸರು, ಆಡಿದ ಮಾತು ಇಷ್ಟನ್ನೂ ಬರೆದಿಟ್ಟುಕೊಳ್ಳಲು ಖಾನೆಗಳಿರುವ, ಕೆಳಗೆ ಸಂಸ್ಥೆಯ ಫೋನ್ ನಂಬರ್ ಇರುವ ಒಂದು ಹಾಳೆ ಅವರಿಗೆ ಬೇಕು. ಅಂಥ ಹಾಳೆ ನಿನ್ನ ಪೋರ್ಟ್‌ಫೋಲಿಯೋದಲ್ಲಿ ಮಿಂಚಲಿಕ್ಕಿಲ್ಲ. ಆದರೂ ಮೊದಲು ಅದನ್ನೇ ಮಾಡು.

ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ ಎಂದು ಹಟ ಹಿಡಿ. ಇಂಥ ಸಂಸ್ಥೆಗಳಲ್ಲಿ ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲೇ. ನಿರ್ದೇಶಕಿ ಹೂಂ ಎಂದ ಮೇಲೆ ಆಡಳಿತ ಮಂಡಳಿಯ ಒಬ್ಬರು ಬಂದು ಬಣ್ಣ ಬದಲಿಸಿ ಎನ್ನುತ್ತಾರೆ, ಆಮೇಲೆ ವಕೀಲರು ಒಂದು ಪದ ತೆಗೆಸುತ್ತಾರೆ, ಅಷ್ಟರಲ್ಲಿ ನಿಮಗೆ ಪರೀಕ್ಷೆ ಬಂದಿರುತ್ತದೆ. ಸಭೆ ಮುಗಿದ ಮೇಲೆ ಕೈಗೆ ಬಂದ ಪೋಸ್ಟರ್ ಊಟಕ್ಕಿಲ್ಲದ ಉಪ್ಪಿನಕಾಯಿ. ತಿದ್ದುಪಡಿ ಎರಡು ಸುತ್ತು ಮಾತ್ರ, ಪ್ರತಿ ಸುತ್ತಿನ ಮಾತೂ ಒಂದೇ ಪತ್ರದಲ್ಲಿ ಬರಲಿ, ವಕೀಲರು ಮೊದಲ ಸುತ್ತಿನಲ್ಲೇ ನೋಡಲಿ ಎಂದು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ವಾರಕ್ಕೆ ನಾಲ್ಕು ಗಂಟೆ ಕೊಡಬಲ್ಲೆಯಾದರೆ ನಾಲ್ಕೇ ಎಂದು ಹೇಳು. ಹತ್ತು ಎಂದು ಹೇಳಿ ಮೂರು ಕೊಡುವವರಿಂದ ಆಗುವ ನಷ್ಟ ದೊಡ್ಡದು. ಹನ್ನೆರಡು ವಾರವಿದ್ದರೆ ಮೊದಲ ಮೂರು ಕೇಳಿಸಿಕೊಳ್ಳುವುದಕ್ಕೆ, ಕೊನೆಯ ಎರಡು ಕೆಲಸ ಒಪ್ಪಿಸುವುದಕ್ಕೆ. ನಡುವಿನ ಏಳೇ ನಿಮ್ಮವು.

ಅದೇ ಒಪ್ಪಂದದ ಪುಟದಲ್ಲಿ ಹಕ್ಕಿನ ಮಾತೂ ಇರಲಿ. ಅಮೆರಿಕದಲ್ಲಿ ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಸಂಸ್ಥೆಯ ಸ್ವತ್ತು. ಸ್ವಯಂಸೇವಕರು ಮಾಡಿದ್ದರ ಕೃತಿಸ್ವಾಮ್ಯ, ಬರವಣಿಗೆಯಲ್ಲಿ ಬಿಟ್ಟುಕೊಡದ ಹೊರತು, ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ. ಬರೆದುಕೊಡದೆ ಹೋದರೆ ಎರಡು ವರ್ಷದ ನಂತರ ಒಂದು ಫೋನ್ ನಂಬರ್ ಬದಲಿಸಲೂ ಅವರು ಹಿಂಜರಿಯಬೇಕಾಗುತ್ತದೆ. ಬಿಟ್ಟುಕೊಡು, ಪ್ರತಿಯಾಗಿ ಪೋರ್ಟ್‌ಫೋಲಿಯೋದಲ್ಲಿ ತೋರಿಸುವ ಅನುಮತಿ ಕೇಳಿಕೋ. ಇನ್ನೊಂದು: ಅದು 501(ಸಿ)(3) ಎಂದು ತೆರಿಗೆ ವಿನಾಯಿತಿ ಪಡೆದ ಸಂಸ್ಥೆಯಾಗಿದ್ದರೆ, ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಅದು ಮಾತಾಡುವಂತಿಲ್ಲ. 1954ರಿಂದ ಇರುವ ನಿಯಮ. ಮತದಾನದ ದಿನ, ನೋಂದಣಿಯ ವಿಧಾನ ಇವನ್ನು ಪಕ್ಷಪಾತವಿಲ್ಲದೆ ಹೇಳಬಹುದು. ಹುಮ್ಮಸ್ಸಿನಲ್ಲಿ ನಿಮ್ಮಲ್ಲೊಬ್ಬರು ಮೂಲೆಯಲ್ಲಿ ಒಬ್ಬ ಅಭ್ಯರ್ಥಿಯ ಘೋಷಣೆ ಸೇರಿಸಿದರೆ, ತೊಂದರೆ ಬರುವುದು ಸಂಸ್ಥೆಯ ವಿನಾಯಿತಿಗೆ.

ಈಗ ಚಿತ್ರದ ವಿಷಯ. ನಿನ್ನ ಕರಡಿನಲ್ಲಿ ಒಂದು ಕಪ್ಪು ಕೈ, ಒಂದು ಬಿಳಿ ಕೈ ಹಿಡಿದುಕೊಂಡಿವೆ. ಇನ್ನೊಂದರಲ್ಲಿ ಚದುರಂಗದ ಕಾಯಿಗಳು. ಇವು ಯಾರನ್ನೂ ನೋಯಿಸುವುದಿಲ್ಲ, ಏನನ್ನೂ ಹೇಳುವುದೂ ಇಲ್ಲ. ಮನೆ ಕೇಳಿದವರಿಗೂ ಕೊಡದವರಿಗೂ ಸಮಪಾಲು ತಪ್ಪಿದ್ದಂತೆ, ಕೈಕುಲುಕಿದರೆ ಮುಗಿದುಹೋಗುವಂತೆ ಕಾಣಿಸುತ್ತವೆ. ಎರಡು ಹಳೆಯ ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡು. 1787ರಲ್ಲಿ ಇಂಗ್ಲೆಂಡಿನ ಜೋಸಾಯಾ ವೆಜ್‌ವುಡ್ ಅವರ ಕಾರ್ಖಾನೆಯಲ್ಲಿ, ಗುಲಾಮಗಿರಿಯ ವಿರುದ್ಧ ಒಂದು ಪದಕ ತಯಾರಾಯಿತು: ಸಂಕೋಲೆ ತೊಟ್ಟ ಆಫ್ರಿಕನ್ ಮಂಡಿಯೂರಿ, ‘ನಾನು ಮನುಷ್ಯನಲ್ಲವೇ, ಸಹೋದರನಲ್ಲವೇ’ ಎಂದು ಕೇಳುತ್ತಾನೆ. ಉದ್ದೇಶ ಒಳ್ಳೆಯದೇ, ಬಹಳ ಜನ ಧರಿಸಿದರು. ಆದರೆ ಮಂಡಿಯೂರಿದವನು ಕೇಳುತ್ತಾನೆ, ಉತ್ತರ ಕೊಡುವ ಅಧಿಕಾರ ನೋಡುವವನದು. 1968ರಲ್ಲಿ ಮೆಂಫಿಸ್ ನಗರದ ಪೌರಕಾರ್ಮಿಕರು, ಇಬ್ಬರು ಸಂಗಾತಿಗಳು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತ ಮೇಲೆ ಮುಷ್ಕರ ಹೂಡಿದರು. ಅವರ ಕೈಯ ಫಲಕದಲ್ಲಿ ಚಿತ್ರವೇ ಇಲ್ಲ, ದಪ್ಪಕ್ಷರದಲ್ಲಿ ‘ನಾನು ಮನುಷ್ಯ’ ಎಂಬ ಒಂದೇ ವಾಕ್ಯ. ಕನ್ನಡದಲ್ಲಿ ಎರಡು ಪದಕ್ಕೆ ಮಾತು ಮುಗಿಯುತ್ತದೆ. ಇಂಗ್ಲಿಷಿನಲ್ಲಿ ನಡುವೆ ‘ಆಗಿದ್ದೇನೆ’ ಎನ್ನುವ ಪುಟ್ಟ ಕ್ರಿಯಾಪದವೊಂದು ಬರುತ್ತದಲ್ಲ, ಅದರ ಕೆಳಗೆ ಒಂದು ಗೆರೆ ಎಳೆದಿದ್ದರು. ಇಡೀ ವಿನ್ಯಾಸದ ಜಾಣ್ಮೆ ಆ ಗೆರೆಯಲ್ಲಿದೆ. ನೀನು ಬರೆಯುವ ಮನುಷ್ಯರು ಕೇಳುತ್ತಿದ್ದಾರೋ ಹೇಳುತ್ತಿದ್ದಾರೋ ಎಂದು ಪ್ರತಿ ಕರಡಿನಲ್ಲೂ ನೋಡಿಕೋ.

ಫೋಟೋ ಬಳಸುವುದಾದರೆ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೋ. ಎಲ್ಲೆಲ್ಲಿ, ಎಷ್ಟು ಕಾಲ ಬಳಸುತ್ತೀರಿ, ಬೇಡವೆನಿಸಿದರೆ ಯಾರಿಗೆ ಹೇಳಬೇಕು ಎಂಬುದೂ ಅದರಲ್ಲಿರಲಿ. ದೂರು ಕೊಟ್ಟು ವಿಚಾರಣೆ ನಡೆಯುತ್ತಿರುವವರ ಮುಖ ಬೇಡವೇ ಬೇಡ. ಫೈಲಿನೊಳಗೆ ಸೇರಿಕೊಂಡಿರುವ ಸ್ಥಳದ ಮಾಹಿತಿಯನ್ನು ಅಳಿಸಿಯೇ ಹಂಚು.

ಕಪ್ಪು ಮೈಬಣ್ಣವನ್ನು ಅಚ್ಚಿನಲ್ಲಿ ಸರಿಯಾಗಿ ತರುವುದು ಒಂದು ವಿದ್ಯೆಯೇ. ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿಯ ‘ಶರ್ಲಿ ಕಾರ್ಡ್’ ಎಂಬ ಮಾದರಿ ಚಿತ್ರ ಇಟ್ಟುಕೊಂಡು ಲ್ಯಾಬುಗಳು ಬಣ್ಣ ಹೊಂದಿಸುತ್ತಿದ್ದವು. ದಶಕಗಳ ಕಾಲ ಆ ಕಾರ್ಡಿನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಅವಳಿಗೆ ಹೊಂದಿಸಿದ ಬಣ್ಣದಲ್ಲಿ ಕಪ್ಪು ಮುಖಗಳ ವಿವರ ಮುಳುಗಿಹೋಗುತ್ತಿತ್ತು. ಇಂದಿನ ತೊಂದರೆ ಬೇರೆ ರೀತಿಯದು. ಕಾಗದ ಮಸಿ ಹೀರಿದಾಗ ಚುಕ್ಕಿಗಳು ಹಿಗ್ಗುತ್ತವೆ, ಅದರಲ್ಲೂ ಹೊಳಪಿಲ್ಲದ ಕಾಗದದಲ್ಲಿ ಹೆಚ್ಚು. ಪರದೆಯ ಮೇಲೆ ಚೆಂದ ಕಂಡ ಕೆನ್ನೆ, ಕಣ್ಣಿನ ಕೆಳಗಿನ ಗೆರೆ, ಕೂದಲ ಸುರುಳಿ ಎಲ್ಲ ಸೇರಿ ಒಂದೇ ಕಪ್ಪು ಮುದ್ದೆಯಾಗುತ್ತದೆ. ಗಾಬರಿಯಾಗಿ ಇಡೀ ಚಿತ್ರವನ್ನು ಬೆಳ್ಳಗೆ ಮಾಡುವವರೇ ಹೆಚ್ಚು. ಆಗ ಆ ಮನುಷ್ಯನ ಬಣ್ಣವೇ ಬದಲಾಗುತ್ತದೆ, ಅವಮಾನವೂ ಆಗುತ್ತದೆ. ಫೋಟೋ ತಿದ್ದುವ ಸಾಫ್ಟ್‌ವೇರಿನ ಕರ್ವ್ಸ್‌ನಲ್ಲಿ ನೆರಳಿಗೂ ನಡುವಣ ಛಾಯೆಗೂ ಮಧ್ಯದ ಭಾಗವನ್ನು ಮಾತ್ರ ಸ್ವಲ್ಪ ಎತ್ತು, ಹಣೆ ಮೂಗಿನ ಮೇಲಿನ ಹೊಳಪನ್ನು ಮುಟ್ಟಬೇಡ. ತಂತಾನೇ ಸರಿಮಾಡುವ ಗುಂಡಿ ಒತ್ತಬೇಡ. ಬಣ್ಣದ ಅಚ್ಚಿನ ನಾಲ್ಕು ಮಸಿಗಳ (ಸಯಾನ್ ನೀಲಿ, ಮೆಜೆಂಟಾ, ಹಳದಿ, ಕಪ್ಪು) ಒಟ್ಟು ಪ್ರಮಾಣದ ಮಿತಿಯನ್ನು ಪ್ರೆಸ್ಸಿನವರನ್ನೇ ಕೇಳಿ ಅದರೊಳಗೆ ಇರು. ಫೋಟೋ ತೆಗೆಯುವಾಗಲೇ ಹಿನ್ನೆಲೆ ಕಡುಗಪ್ಪಾಗಿರದಂತೆ ನೋಡಿಕೊಂಡರೆ, ತಲೆಯ ಅಂಚಿಗೆ ಪಕ್ಕದಿಂದ ಒಂದಿಷ್ಟು ಬೆಳಕು ಬಿದ್ದರೆ, ಅರ್ಧ ಕಷ್ಟ ಅಲ್ಲೇ ಕಳೆಯಿತು.

ಅಂಕಿಅಂಶದ ಚಿತ್ರಗಳಿಗೆ ಒಳ್ಳೆಯ ಗುರುಗಳಿದ್ದಾರೆ, ಅವರಲ್ಲಿ ಬಹಳಷ್ಟು ಜನ ನಿನ್ನಂಥ ವಿದ್ಯಾರ್ಥಿಗಳು. 1900ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಅಮೆರಿಕದ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯು. ಇ. ಬಿ. ಡು ಬಾಯ್ಸ್ ಮತ್ತು ಅಟ್ಲಾಂಟಾ ವಿಶ್ವವಿದ್ಯಾಲಯದ ಅವರ ಬಳಗ ಸುಮಾರು 60 ಫಲಕಗಳನ್ನು ಮಸಿ, ಜಲವರ್ಣದಲ್ಲಿ ಕೈಯಲ್ಲೇ ಬರೆದರು. ಕಪ್ಪು ಜನರ ಜಮೀನು, ಓದು, ಉದ್ಯೋಗ, ಊರು ಬಿಟ್ಟು ಊರಿಗೆ ಹೋದದ್ದು, ಎಲ್ಲ ಅಲ್ಲಿದೆ. ಪ್ರಮಾಣ ತೋರುವ ಒಂದು ಬಣ್ಣದ ಪಟ್ಟಿ ಹಾಳೆಗಿಂತ ಉದ್ದವಾದಾಗ ಅದನ್ನು ಸುರುಳಿ ಸುತ್ತಿಬಿಟ್ಟರು; ಕಣ್ಣು ಆ ಕೆಂಪು ಸುರುಳಿಯ ಹಿಂದೆಯೇ ಹೋಗುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇವೆ, ಯಾರು ಬೇಕಾದರೂ ನೋಡಬಹುದು. ಒಂದು ಸಂಜೆ ಕೊಡು.

ನಿನ್ನ ಮೂರನೆಯ ಕರಡಿನ ನಕ್ಷೆಯಲ್ಲಿ ಕಪ್ಪು ಜನರು ಹೆಚ್ಚಿರುವ ಬೀದಿಗಳು ಕೆಂಪಾಗಿವೆ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಗೃಹಸಾಲ ನಿಗಮವೂ ಇದನ್ನೇ ಮಾಡಿತ್ತು: ಒಳ್ಳೆಯ ಬಡಾವಣೆಗೆ ಹಸಿರು, ಆಮೇಲೆ ನೀಲಿ, ಹಳದಿ, ಸಾಲಕ್ಕೆ ‘ಅಪಾಯಕಾರಿ’ ಎಂದು ಗುರುತಿಸಿದ್ದಕ್ಕೆ ಕೆಂಪು. ಕಪ್ಪು ಜನರಿದ್ದ ಬಡಾವಣೆಗಳು ಹೆಚ್ಚುಕಡಿಮೆ ಎಲ್ಲ ಕೆಂಪಿಗೇ ಬಿದ್ದವು. ಅದೇ ಬೀದಿಗೆ ಇವತ್ತು ನೀನು ಮತ್ತೆ ಕೆಂಪು ಬಳಿದರೆ ಅಲ್ಲಿನವರಿಗೆ ಏನನ್ನಿಸೀತು? ಜನರ ಗುಂಪಿಗೆ ಮೈಬಣ್ಣವನ್ನೇ ಹಚ್ಚುವುದೂ ಬೇಡ, ಕಂದು ಪಟ್ಟಿ ಕಪ್ಪು ಜನ, ತಿಳಿಗುಲಾಬಿ ಪಟ್ಟಿ ಬಿಳಿಯರು ಅಂತ. ಲೆಕ್ಕದಲ್ಲೂ ಜಾಗ್ರತೆ. ಅಂದುಕೋ, ಅರ್ಜಿ ತಿರಸ್ಕೃತವಾದ ಬಿಳಿಯರು 40, ಕಪ್ಪು ಜನ 30. ಇಷ್ಟೇ ಬರೆದರೆ ಬಿಳಿಯರಿಗೇ ಅನ್ಯಾಯವಾದಂತೆ ಕಾಣುತ್ತದೆ. ಅರ್ಜಿ ಹಾಕಿದವರು ಕ್ರಮವಾಗಿ 200 ಮತ್ತು 60 ಎಂದು ಗೊತ್ತಾದರೆ 20 ಶೇಕಡಾ ಎದುರಿಗೆ 50 ಶೇಕಡಾ. ಪಟ್ಟಿ ಸೊನ್ನೆಯಿಂದಲೇ ಏಳಲಿ. ಅಮೆರಿಕದ 2020ರ ಜನಗಣತಿಯಲ್ಲಿ ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಿನ ದೇಶಗಳ) ಮೂಲದ ಪ್ರಶ್ನೆಯೂ ಜನಾಂಗದ ಪ್ರಶ್ನೆಯೂ ಬೇರೆಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿದರೆ ಮೊತ್ತ ನೂರು ದಾಟುತ್ತದೆ. ವಿರೋಧಿಗಳು ಹುಡುಕುವುದು ಇಂಥ ಒಂದು ತಪ್ಪನ್ನೇ. ಇನ್ನು, ಬರೀ ಕೆಟ್ಟ ಅಂಕಿಗಳನ್ನು ಸಾಲಾಗಿ ಇಟ್ಟರೆ ಓದಿದವರು ದೋಷ ಆ ಜನರಲ್ಲೇ ಇದೆ ಎಂದುಕೊಳ್ಳುತ್ತಾರೆ. ಅಂಕಿ ಇದ್ದ ಹಾಳೆಯಲ್ಲೇ ಅದರ ಕಾರಣವೂ ಇರಲಿ, ಮುಂದೆ ಏನು ಮಾಡಬಹುದೆಂಬುದೂ ಇರಲಿ.

ಅಕ್ಷರದ ವಿಷಯ ಬೇಗ ಹೇಳುತ್ತೇನೆ. ಹತ್ತು ಅಡಿ ದೂರದಿಂದ ಸಲೀಸಾಗಿ ಓದಬೇಕಾದ ಶೀರ್ಷಿಕೆಗೆ ಅಕ್ಷರದ ಎತ್ತರ ಒಂದು ಇಂಚು ಎಂಬುದು ವಾಡಿಕೆಯ ಲೆಕ್ಕ. ಪರದೆಯ ಮೇಲಿನ ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಸ್ಪ್ಯಾನಿಷಿನಲ್ಲಿ ಅದೇ ಮಾತು ಇಂಗ್ಲಿಷಿಗಿಂತ ಸುಮಾರು ಕಾಲು ಭಾಗ ಉದ್ದವಾಗುತ್ತದೆ, ಮೊದಲೇ ಜಾಗ ಬಿಡು. ವಿಯೆಟ್ನಾಮಿ ಬೇಕಿದ್ದರೆ ಅಕ್ಷರದ ಮೇಲೆ ಎರಡೆರಡು ಗುರುತು ಕೂರುತ್ತವೆ. ಫಾಂಟಿನಲ್ಲಿ ಅವು ಇವೆಯೇ, ಸಾಲಿನ ಅಂತರ ಸಾಲುತ್ತದೆಯೇ ನೋಡು. ಅನುವಾದ ಆ ಭಾಷೆಯವರೇ ಮಾಡಲಿ, ಇನ್ನೊಬ್ಬರು ಓದಲಿ. ಮೆಂಫಿಸ್ ಫಲಕದ ಅಕ್ಷರವನ್ನೇ ಹೋಲುವ ಫಾಂಟ್ ಬೇಕಿದ್ದರೆ, ಟ್ರೇ ಸೀಲ್ಸ್ ಅವರು 2016ರಲ್ಲಿ ಶುರುಮಾಡಿದ ಫಾಂಟ್ ಕಂಪನಿ ವೋಕಲ್ ಟೈಪ್‌ನ ‘ಮಾರ್ಟಿನ್’ ಇದೆ. ಪರವಾನಗಿ ಸಂಸ್ಥೆಯ ಹೆಸರಿನಲ್ಲಿ ಇರಬೇಕು, ನಿನ್ನ ಹೆಸರಿನಲ್ಲಲ್ಲ.

ಅಚ್ಚಿಗೆ ಮೊದಲು ಐದು ಜನರಿಗೆ ತೋರಿಸು. ನಿನ್ನ ತರಗತಿಯವರಿಗಲ್ಲ, ಅದನ್ನು ಓದಬೇಕಾದ ಬಾಡಿಗೆದಾರರಿಗೆ. ಐದು ಸೆಕೆಂಡ್ ಹಿಡಿದು, ಮಡಚಿಟ್ಟು, ಏನು ಹೇಳುತ್ತಿತ್ತು ಎಂದು ಕೇಳು. ಮೂವರು ಫೋನ್ ಮಾಡುವ ವಿಷಯ ಹೇಳದಿದ್ದರೆ ಫೋನ್ ನಂಬರ್ ದೊಡ್ಡದಾಗಬೇಕು, ಅಷ್ಟೆ. ‘ಚೆನ್ನಾಗಿದೆಯಾ’ ಎಂದು ಮಾತ್ರ ಕೇಳಬೇಡ. ಪುಕ್ಕಟೆ ಮಾಡಿಕೊಟ್ಟ ಹುಡುಗಿಗೆ ಚೆನ್ನಾಗಿಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆ ಐವರಿಗೆ ಸಂಸ್ಥೆಯಿಂದ ಏನಾದರೂ ಸಂಭಾವನೆ ಸಿಗುವಂತೆ ಮಾಡು. ನಿನಗೆ ಕಲಿಕೆಯಾದರೂ ಸಿಗುತ್ತದೆ, ಅವರಿಗೆ ಸಮಯ ಖರ್ಚು ಬಿಟ್ಟರೆ ಇನ್ನೇನು?

ಪೋಸ್ಟರ್ 11ಕ್ಕೆ 17 ಇಂಚಾದರೆ ಸುತ್ತಲೂ ಕಾಲಿಂಚಿನ ಅರ್ಧ ಬಣ್ಣ ಹೊರಚಾಚಿರಲಿ, ಒಟ್ಟು 11.25ಕ್ಕೆ 17.25, ಇಲ್ಲದಿದ್ದರೆ ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಎಳೆ ಉಳಿಯುತ್ತದೆ. ಫೋಟೋ ಇಂಚಿಗೆ 300 ಪಿಕ್ಸೆಲ್‌ನಂತೆ ಲೆಕ್ಕ ಹಾಕಿದರೆ ಅಷ್ಟಗಲಕ್ಕೆ ಸುಮಾರು 3,400ಕ್ಕೆ 5,200. ಸಣ್ಣ ಅಕ್ಷರಕ್ಕೆ ಬರೀ ಕಪ್ಪು ಮಸಿ ಇರಲಿ. ನಾಲ್ಕೂ ಸೇರಿಸಿದರೆ ಕೂದಲೆಳೆ ಸರಿದರೂ ಅಂಚು ಮಸುಕಾಗುತ್ತದೆ. ಕೆಲವು ನೂರು ಪ್ರತಿಯೊಳಗಾದರೆ ಡಿಜಿಟಲ್ ಅಚ್ಚೇ ಅಗ್ಗ.

ಕೆಲಸ ಒಪ್ಪಿಸುವಾಗ ಸಂಸ್ಥೆಯಲ್ಲಿ ಯಾವ ಸಾಫ್ಟ್‌ವೇರ್ ಇದೆಯೋ ಅದರಲ್ಲೇ ಒಂದು ಪ್ರತಿ ಕೊಡು. ಅಲ್ಲಿ ವರ್ಡ್ ಮಾತ್ರ ಇದ್ದರೆ ವರ್ಡ್. ನಿನ್ನ ವಿದ್ಯಾರ್ಥಿ ಪರವಾನಗಿ ಓದಿನ ಜೊತೆಗೇ ಮುಗಿಯುತ್ತದೆ, ಆಮೇಲೆ ಆ ಇನ್‌ಡಿಸೈನ್ ಫೈಲನ್ನು ಯಾರು ತೆರೆಯಬೇಕು? ಮುಕ್ತ ಪರವಾನಗಿಯ ಫಾಂಟ್, ಬಣ್ಣದ ಸಂಖ್ಯೆಗಳು, ಒಪ್ಪಿಗೆ ಪತ್ರಗಳ ಪ್ರತಿ, ದಿನಾಂಕ ಬದಲಿಸುವುದು ಹೇಗೆಂಬ ಒಂದು ಪುಟ, ಎಲ್ಲ ಅವರ ಖಾತೆಯ ಒಂದೇ ಫೋಲ್ಡರಿನಲ್ಲಿರಲಿ. ನೀನು ಎದುರಿಗೆ ಕೂತಿರುವಾಗಲೇ ಅವರಲ್ಲಿ ಒಬ್ಬರು ಅದನ್ನು ತೆರೆದು, ಒಂದು ದಿನಾಂಕ ಬದಲಿಸಿ, ಪಿಡಿಎಫ್ ಮಾಡಿ ನೋಡಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿನ್ನ ಕೆಲಸ ಇನ್ನೂ ಬಾಕಿ.

ಮೊದಲ ಪ್ರೂಫ್ ಬಂದ ಕೂಡಲೇ ಒಂದು ಪ್ರತಿ ನನಗೆ ಅಂಚೆಯಲ್ಲಿ ಕಳಿಸು. ಪಿಡಿಎಫ್ ಬೇಡ, ಕೆನ್ನೆಯ ನೆರಳಿನಲ್ಲಿ ಮಸಿ ಕಟ್ಟಿದೆಯೋ ಇಲ್ಲವೋ ಪರದೆಯಲ್ಲಿ ಕಾಣುವುದಿಲ್ಲ.

ಇಂತು ನಿನ್ನ
ದೊಡ್ಡಮ್ಮ