ಆಕ್ಸಿಮೀಟರ್ ಕ್ಲಿಪ್: ವಾರ್ಡಿಗೆ ಒಯ್ಯುವ ಮುನ್ನ

ಎಲ್ಲರಿಗೂ ನಮಸ್ಕಾರ. ಕೋಲಾರದ ವಾರ್ಡಿನಲ್ಲಿ ಪರೀಕ್ಷಿಸಲಿರುವ, ಬೆರಳಿಗೆ ಸಿಕ್ಕಿಸಿ ಬೆಳಕಿನಿಂದ ರಕ್ತದ ಆಮ್ಲಜನಕ ಮತ್ತು ನಾಡಿ ಅಳೆಯುವ ಹೊಸ ಕ್ಲಿಪ್ ಬಗ್ಗೆ. 660 ನ್ಯಾನೋಮೀಟರ್ ತರಂಗಾಂತರದ ಕೆಂಪು, 940ರ ಇನ್‌ಫ್ರಾರೆಡ್ ಎಲ್‌ಇಡಿಗಳನ್ನು ಒಂದಾದ ಮೇಲೊಂದು ಉರಿಸಿ. ನಡುವೆ ಎರಡನ್ನೂ ಆರಿಸಿ, ಆಗ ಬೀಳುವ ಹೊರಬೆಳಕನ್ನು ಅಳೆದು ಕಳೆಯಲೇಬೇಕು. ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಾವು ಸೆಕೆಂಡಿಗೆ 99 ಸಲ ಬೆಳಕನ್ನು ಓದಿದರೆ ಆ ಮಿನುಗು ಸೆಕೆಂಡಿಗೊಂದು ಅಲೆಯಾಗಿ, ಥೇಟ್ ನಾಡಿಯಂತೆ ಕಾಣುತ್ತದೆ. ಬೆರಳೇ ಇಲ್ಲದೆ ನಿಮಿಷಕ್ಕೆ 60 ಬಡಿತ!

ಸ್ಪ್ರಿಂಗ್ ಬಿಗಿಯಾದರೆ ಬೆರಳಿಗೆ ರಕ್ತ ಸರಿಯಾಗಿ ಹರಿಯದೆ ನಾಡಿಯ ಅಲೆ ಚಪ್ಪಟೆ. ಚಳಿಗಾಲದ ಬೆಳಗ್ಗೆ ತಣ್ಣಗಿರುವ ಕೈಗೂ ಇದೇ ಪಾಡು, ಮೊದಲು ಉಜ್ಜಿ ಬೆಚ್ಚಗಾಗಿಸಿ. ಅಲೆ ಕ್ಷೀಣವಾಗಿದ್ದಾಗ ಪರದೆಯಲ್ಲಿ ಅಂಕಿ ಬೇಡ, ಬರೀ ಗೆರೆ ಬರಲಿ. ಆಮ್ಲಜನಕ ಶೇ. 97 ಎಂಬ ಸುಳ್ಳು ಅಂಕಿ ನೋಡಿ ನರ್ಸಮ್ಮ ಮುಂದಿನ ಮಂಚಕ್ಕೆ ಹೋಗಿಬಿಡಬಾರದು. ಕಪ್ಪು ಮೈಬಣ್ಣದವರಲ್ಲಿ ಆಮ್ಲಜನಕ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ಪರೀಕ್ಷೆಯಲ್ಲಿ ಎಲ್ಲ ಬಣ್ಣದವರೂ ಇರಲಿ.