ಸಚಿವರೇ, ನನ್ನ ಮಗಳು ಭ್ರೂಣವಲ್ಲ

ಮಾನ್ಯ ಆರೋಗ್ಯ ಸಚಿವರಿಗೆ,

ಜೀನ್ ತಿದ್ದುವ ಚಿಕಿತ್ಸೆಗೆ ಅನುಮತಿ ಕೇಳಿದ್ದ ನಮ್ಮ ಅರ್ಜಿ ನಿಮ್ಮ ಇಲಾಖೆಯಿಂದ ವಾಪಸ್ ಬಂದಿದೆ. ‘ಮಾನವ ಭ್ರೂಣದ ಜೀನ್ ತಿದ್ದಲು ಅವಕಾಶವಿಲ್ಲ’ ಎಂದು ಷರಾ ಬರೆದು ಸೀಲು ಒತ್ತಿದ್ದಾರೆ. ಭ್ರೂಣ ಎಲ್ಲಿದೆ ಸ್ವಾಮಿ? ಅರ್ಜಿಯಲ್ಲಿರುವುದು ನನ್ನ ಮಗಳು. ಅವಳಿಗೆ 14 ವರ್ಷ. ವಯಸ್ಸಿನ ದಾಖಲೆ ಲಗತ್ತಿಸಿದ್ದೆವು, ಯಾರೂ ಹಾಳೆ ತಿರುವಿದಂತಿಲ್ಲ.

ಅವಳಿಗಿರುವುದು ಬೀಟಾ ಥಲಸ್ಸೀಮಿಯಾ, ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ಆನುವಂಶಿಕ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಚುಚ್ಚಿ ಚುಚ್ಚಿ ಕೈಯಲ್ಲಿ ನರ ಸಿಗುವುದಿಲ್ಲ. ನರ್ಸ್ ಹುಡುಕುವಷ್ಟು ಹೊತ್ತೂ ಇವಳು ಗೋಡೆ ನೋಡುತ್ತಾ ಕೂರುತ್ತಾಳೆ, ಅಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹಾಕಿದ ರಕ್ತದ ಕಬ್ಬಿಣ ಹೃದಯ, ಯಕೃತ್ತುಗಳಲ್ಲಿ ಸೇರಿಕೊಳ್ಳುತ್ತದೆ, ಅದನ್ನು ಹೊರಹಾಕಲು ದಿನವೂ ಮಾತ್ರೆ. ಅಸ್ಥಿಮಜ್ಜೆ ಕಸಿಗೆ ಒಡಹುಟ್ಟಿದವರದೂ ಹೊಂದಲಿಲ್ಲ, ಹೊರಗಿನವರದೂ ಸಿಗಲಿಲ್ಲ. ರಕ್ತ ಹಾಕಿಸುವ ದಿನವೇ ಪರೀಕ್ಷೆ ಬಂದರೆ ಪರೀಕ್ಷೆ ಬಿಡುತ್ತಾಳೆ. ಇನ್ನೇನು ಮಾಡಲಿ?

ನಾವು ಕೇಳಿದ್ದು ಅವಳದೇ ರಕ್ತದ ಕಾಂಡಕೋಶಗಳ, ಅಂದರೆ ರಕ್ತಕಣ ಹುಟ್ಟಿಸುವ ಮೂಲಕೋಶಗಳ, ಚಿಕಿತ್ಸೆ. ಕೋಶಗಳನ್ನು ಹೊರತೆಗೆದು, ಜೀನ್ ಕತ್ತರಿಸುವ ಸಾಧನವಾದ ಕ್ರಿಸ್ಪರ್‌ನಿಂದ ಬಿಸಿಎಲ್11ಎ ಜೀನಿನ ಒಂದು ಭಾಗವನ್ನು ಕತ್ತರಿಸಿ ಮತ್ತೆ ಅವಳಿಗೇ ಕೊಡುತ್ತಾರೆ. ಹುಟ್ಟಿದ ಮೇಲೆ ದೇಹ ಬಹುಪಾಲು ನಿಲ್ಲಿಸಿಬಿಡುವ ಒಂದು ಬಗೆಯ ಹಿಮೋಗ್ಲೋಬಿನ್ ಆಗ ಮತ್ತೆ ತಯಾರಾಗಿ ಆ ಕೊರತೆ ತುಂಬುತ್ತದೆ. ಈ ತಿದ್ದುಪಡಿ ಅವಳ ಮಕ್ಕಳಿಗೆ ಇಳಿಯುವುದಿಲ್ಲ. ಇದನ್ನೆಲ್ಲ ನಿಮಗೆ ನಾನು ಹೇಳಿಕೊಡಬೇಕಿಲ್ಲ, ದೇಹಕೋಶದ ನಿಯಮ ಬೇರೆ, ಭ್ರೂಣದ ನಿಯಮ ಬೇರೆ ಎಂಬುದು ನಿಮಗೆ ತಿಳಿದದ್ದೇ.

2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣಗಳನ್ನು ತಿದ್ದಿದ. ಜೈಲಿಗೂ ಹೋದ, ಹೋಗಬೇಕಾದದ್ದೇ. ಅವನ ತಪ್ಪಿಗೆ ನನ್ನ ಮಗಳೇಕೆ ದಂಡ ಕಟ್ಟಬೇಕು? ಬ್ರಿಟನ್ 2023ರ ನವೆಂಬರ್‌ನಲ್ಲೇ ಕ್ಯಾಸ್ಗೆವಿ ಎಂಬ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು, 12 ವರ್ಷ ದಾಟಿದವರಿಗೆ. ಅಪಾಯ ಗೊತ್ತಿಲ್ಲದೆ ಕೇಳುತ್ತಿಲ್ಲ. ತಿದ್ದಿದ ಕೋಶಗಳಿಗೆ ಮಜ್ಜೆಯಲ್ಲಿ ಜಾಗ ಮಾಡಲು ಮೊದಲು ಕೊಡುವ ಕೀಮೋದಿಂದ ಮುಂದೆ ಮಕ್ಕಳಾಗುವುದಕ್ಕೇ ತೊಂದರೆಯಾಗಬಹುದು ಎಂದು ವೈದ್ಯರು ಅವಳ ಮುಂದೆಯೇ ಹೇಳಿದ್ದಾರೆ. ಖರ್ಚು ವಿಪರೀತ ಎನ್ನುತ್ತೀರಾ? ಹಾಗಾದರೆ ಹಾಗೆಂದೇ ಷರಾ ಬರೆಯಿರಿ, ಅದಕ್ಕೆ ಬೇರೆ ವಾದ ಮಾಡುತ್ತೇನೆ.

ನಮ್ಮ ಕಡತ ಮತ್ತೆ ತೆರೆಸಿ. ರಕ್ತರೋಗ ತಜ್ಞರಿರುವ ಸಮಿತಿಯ ಮುಂದಿಡಿಸಿ. ಅವರು ಆಗದು ಎಂದರೆ ಕಾರಣ ಬರೆದು ಕಳಿಸಲಿ, ಓದಿಕೊಳ್ಳುತ್ತೇನೆ. ಆದರೆ ಮೊದಲು ಕಡತ ತೆರೆಸಿ. ಈ ಸಲ ಓದಲು ಬರುವವರ ಕೈಗೇ ಕೊಡಿ.

ಇಂತಿ,
ಅವಳ ತಾಯಿ